ನಾನು ಡೇಟಾಬೇಸ್ ಹಿಡಿದದ್ದು ಹೀಗೆ: ನನ್ನ ಅನುಭವ

ಸಿಇಟಿ ಬರೆದವರು ಕಾಲೇಜು, ವಿಭಾಗ ಆರಿಸುವ ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ‘ಬರೀ ಕಂಪ್ಯೂಟರ್ ಸೈನ್ಸ್ ಹಾಕಿಸೋದೋ, ಎಐ ಎಂಎಲ್ ಹಾಕಿಸೋದೋ? ಸೈಬರ್ ಸೆಕ್ಯೂರಿಟಿಗೆ ಮುಂದೆ ಒಳ್ಳೆ ಬೆಲೆಯಂತೆ?’ ಎಂದು ಊರಿನವರು, ನೆಂಟರು ಕೇಳುತ್ತಾರೆ. ಪಿಯುಸಿ ಮುಗಿಸಿದ ಹುಡುಗಿಗೆ ಇದು ಹೇಗೆ ಗೊತ್ತಾಗಬೇಕು? ನಾನು 2012ರಲ್ಲಿ ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಒಂದು ಕಾಲೇಜಿಗೆ ಹೋದಾಗ ನಮ್ಮಲ್ಲಿ ಕಂಪ್ಯೂಟರಿಗೆ ಸಂಬಂಧಿಸಿ ಇದ್ದದ್ದು ಸಿಎಸ್ (ಕಂಪ್ಯೂಟರ್ ಸೈನ್ಸ್), ಐಎಸ್ (ಇನ್ಫರ್ಮೇಷನ್ ಸೈನ್ಸ್) ಎರಡೇ. ಅದರೊಳಗೆ ಯಾವ ದಾರಿ ಹಿಡಿಯಬೇಕು ಅನ್ನುವ ಯೋಚನೆ ಮೂರನೇ ವರ್ಷದವರೆಗೂ ಬರಲಿಲ್ಲ. ಬಂದಾಗಲೂ ಅದು ತೀರ್ಮಾನವಾದದ್ದು ಕಾಲೇಜಿನಲ್ಲಲ್ಲ, ಮಂಡ್ಯ ಜಿಲ್ಲೆಯ ನಮ್ಮೂರಿನ ಹಾಲಿನ ಡೈರಿಯಲ್ಲಿ.

ಐದನೇ ಸೆಮಿಸ್ಟರಿನಲ್ಲಿ ಡಿಬಿಎಂಎಸ್ ಇತ್ತು, ಅಂದರೆ ಮಾಹಿತಿಯನ್ನು ಸಾಲು, ಕಾಲಂಗಳ ಟೇಬಲ್ಲುಗಳಲ್ಲಿ ಇಟ್ಟು ನಿಭಾಯಿಸುವ ಡೇಟಾಬೇಸ್ ಪಾಠ. ಲ್ಯಾಬಿನಲ್ಲಿ ವಿಮೆ, ಬ್ಯಾಂಕು, ಆರ್ಡರು ಅಂತ ಒಂದಷ್ಟು ಅಭ್ಯಾಸ. ಪ್ರತಿ ಟೇಬಲ್ಲಿಗೂ ಕನಿಷ್ಠ ಐದು ಸಾಲು ತುಂಬಬೇಕು ಎಂದು ಮ್ಯಾನ್ಯುಯಲ್‌ನಲ್ಲೇ ಇತ್ತು, ನಾವು ಸರಿಯಾಗಿ ಐದೇ ತುಂಬುತ್ತಿದ್ದೆವು. ಐದು ಸಾಲಿನ ಟೇಬಲ್ಲಿನಲ್ಲಿ ಯಾವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಬರೆದರೂ ತಕ್ಷಣ ಉತ್ತರ ಬರುತ್ತದೆ. ಯಾವುದೂ ನಿಧಾನವಾಗುವುದಿಲ್ಲ, ಯಾವುದೂ ಕೆಡುವುದಿಲ್ಲ. ನನಗೆ ಒಳ್ಳೆ ಅಂಕ ಬಂತು, ಆಸಕ್ತಿ ಮಾತ್ರ ಹುಟ್ಟಲಿಲ್ಲ.

ಆಗ ಎಲ್ಲರ ಕಣ್ಣೂ ಉದಾಹರಣೆಗಳಿಂದ ಕಂಪ್ಯೂಟರಿಗೆ ಕಲಿಸುವ ಮಷೀನ್ ಲರ್ನಿಂಗ್ ಮೇಲೆ. ಚಿತ್ರದಲ್ಲಿ ಏನಿದೆ ಎಂದು ಕಂಪ್ಯೂಟರು ಗುರುತಿಸುವ 2012ರ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಅಲೆಕ್ಸ್‌ನೆಟ್ ಎಂಬ ಪ್ರೋಗ್ರಾಮ್ ಗೆದ್ದಿದ್ದರ ಬಿಸಿ ನಮ್ಮ ಹಾಸ್ಟೆಲ್ಲಿನವರೆಗೂ ಬಂದಿತ್ತು. ನಾನೂ ನನ್ನ ರೂಮ್‌ಮೇಟೂ ಅದನ್ನು ಕಲಿಸುವ ಆಂಡ್ರ್ಯೂ ಎನ್‌ಜಿ ಅವರ ಕೋರ್ಸೆರಾ ಆನ್‌ಲೈನ್ ಪಾಠಕ್ಕೆ ಸೇರಿದೆವು. ಅದರಲ್ಲಿ ಕೈಬರಹದ ಅಂಕಿಗಳನ್ನು ಗುರುತಿಸುವ ಒಂದು ಅಭ್ಯಾಸವಿದೆ: 5000 ಚಿತ್ರಗಳು, ಒಂದೊಂದೂ 20×20 ಪಿಕ್ಸೆಲ್. ಇಬ್ಬರ ಕೋಡೂ ನೂರಕ್ಕೆ ತೊಂಬತ್ತರ ಮೇಲೆ ಸರಿಯಾಗಿ ಗುರುತಿಸಿತು. ನಾನು ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋದೆ. ಅವಳು ಊಟ ಬಿಟ್ಟು, ಗುರುತಿಸಲಾಗದೆ ಉಳಿದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂತಿದ್ದಳು. ‘ನೋಡೇ, ಈ ನಾಲ್ಕನ್ನ ಒಂಬತ್ತು ಅಂದ್ಕೊಂಡಿದೆ. ಮೇಲೆ ಬಾಯಿ ಮುಚ್ಚಿಬಿಟ್ಟಿದೆಯಲ್ಲ, ಅದಕ್ಕೆ’ ಅಂದಳು. ನನಗೆ ಅದನ್ನು ನೋಡಬೇಕು ಅನ್ನಿಸಲೇ ಇಲ್ಲ. ಆ ರಾತ್ರಿ ಅದಕ್ಕೆ ನಾನು ಯಾವ ಅರ್ಥವನ್ನೂ ಕೊಡಲಿಲ್ಲ.

2015ರ ಜನವರಿ ರಜೆಗೆ ಊರಿಗೆ ಬಂದೆ. ಅಪ್ಪ ನಮ್ಮೂರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಡೈರಿಗೆ ಹಾಲು ಹಾಕುವವರು 180 ಜನ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಒಬ್ಬೊಬ್ಬರ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಬರೆಯಬೇಕು. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಬಟವಾಡೆಯ ಹಿಂದಿನ ರಾತ್ರಿ ಅಪ್ಪ ಕ್ಯಾಲ್ಕುಲೇಟರ್ ಹಿಡಿದು ಎರಡು ಗಂಟೆಯವರೆಗೂ ಕೂತಿರುತ್ತಿದ್ದರು. ನಾನು ಮಾಡಿಕೊಡ್ತೀನಿ ಬಿಡಿ ಅಂದು, ಹಳೇ ಕಂಪ್ಯೂಟರಿಗೆ ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಹಾಕಿ, ವಾರದಲ್ಲಿ ಒಂದು ಪ್ರೋಗ್ರಾಮ್ ಬರೆದೆ. ಸದಸ್ಯರ ನಂಬರು, ಲೀಟರು ಒತ್ತಿದರೆ ಎರಡು ಕೆಲಸ ಆಗುತ್ತಿತ್ತು. ಮೊದಲು ಆ ಹೊತ್ತಿನ ಹಾಲು ಒಂದು ಟೇಬಲ್ಲಿಗೆ ಸೇರುತ್ತಿತ್ತು, ಆಮೇಲೆ ಸದಸ್ಯರ ಹೆಸರಿನ ಮುಂದಿದ್ದ ‘ಒಟ್ಟು’ ಕಾಲಂ ಏರುತ್ತಿತ್ತು. ಬಟವಾಡೆ ಪಟ್ಟಿ ಆ ಒಟ್ಟಿನಿಂದಲೇ.

ಮೊದಲ ಬಟವಾಡೆಯ ದಿನ ದೊಡ್ಡವ್ವನ ವಯಸ್ಸಿನ ಒಬ್ಬ ಹೆಂಗಸು ಹಾಲಿನ ಕಾರ್ಡು ಹಿಡಿದು ಬಂದರು. ‘ಏನ್ ಮಗ, ನಿನ್ ಕಂಪ್ಯೂಟ್ರು ನನ್ನ ಒಂದೊತ್ನ ಹಾಲ ನುಂಗ್ಬುಡ್ತಲ್ಲ.’ ಕಾರ್ಡಿನಲ್ಲಿ ಇದ್ದದ್ದಕ್ಕಿಂತ 7 ಲೀಟರು 400 ಮಿಲಿ ಕಡಿಮೆ. ಅಪ್ಪ ಅಲ್ಲೇ ಕೈಯಿಂದ ಆ ದುಡ್ಡು ಕೊಟ್ಟು ಕಳಿಸಿದರು, ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಆ ರಾತ್ರಿ ನಾನು ಮಲಗಲಿಲ್ಲ. 7.4 ಲೀಟರ್ ದಿನವಾರು ಟೇಬಲ್ಲಿನಲ್ಲಿ ಇದೆ, ಒಟ್ಟಿನಲ್ಲಿ ಇಲ್ಲ. ಕೂಡಿಸುವ ಕೋಡ್ ಸರಿಯಿದೆ. ಉಳಿದ 179 ಜನರ ಲೆಕ್ಕವೂ ಸರಿಯಿದೆ. ಯಾವ ದಿನದ, ಯಾವ ಹೊತ್ತಿನ ಹಾಲು ಎಂದು ಹುಡುಕಿದರೆ ಒಂದು ಸೋಮವಾರ ಸಂಜೆ, ಸರದಿಯಲ್ಲಿ ಅವರದು ನಲವತ್ತೊಂದನೆಯದು. ನಲವತ್ತೆರಡನೆಯವರ ಹಾಲು ದಾಖಲಾಗಿದ್ದು ಇಪ್ಪತ್ತು ನಿಮಿಷ ತಡವಾಗಿ. ಆಗ ನೆನಪಾಯಿತು: ಆ ಸಂಜೆ ಕರೆಂಟು ಹೋಗಿತ್ತು. ಮೊದಲ ಕೆಲಸ ಮುಗಿದು ಎರಡನೆಯದು ಶುರುವಾಗುವ ನಡುವಿನ, ಕಣ್ಣು ಮಿಟುಕಿಸುವಷ್ಟೂ ಇಲ್ಲದ ಜಾಗದಲ್ಲಿ ಹೋಗಿತ್ತು.

ಟ್ರಾನ್ಸಾಕ್ಷನ್ ಎಂಬ ಪದವನ್ನು ನಾನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ. ಎರಡು ಕೆಲಸವೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಮುಂದೆ ‘ಬಿಗಿನ್’, ಕೊನೆಗೆ ‘ಕಮಿಟ್’ ಎರಡು ಸಾಲು ಸೇರಿಸಿದರೆ ಆಯಿತು. ಸೇರಿಸಿದೆ. ಆದರೆ ತಲೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು: ಕಮಿಟ್ ಅನ್ನುವುದನ್ನೇ ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ? ಬೆಳಿಗ್ಗೆ ಅಪ್ಪನಿಗೆ ಇದನ್ನು ಹೇಳುತ್ತಾ ಕೂತೆ. ಅವರು, ‘ನಾವು ಮೊದಲು ದಿನವಹೀಲಿ ಬರ್ಕೋತೀವಿ, ಖಾತೆಗೆ ಆಮೇಲೆ ಏರಿಸ್ತೀವಿ. ಮಧ್ಯದಲ್ಲಿ ಏನಾದ್ರೂ ಆದ್ರೆ ದಿನವಹಿ ನೋಡಿ ಖಾತೆ ಸರಿ ಮಾಡ್ಕೋಬಹುದು’ ಅಂದರು.

ಡೇಟಾಬೇಸುಗಳು ಮಾಡುವುದೂ ಇದನ್ನೇ ಎಂದು ಆಮೇಲೆ ಓದಿದೆ. ಬದಲಾವಣೆಯನ್ನು ಮೊದಲು ಲಾಗ್ ಎಂಬ ತಮ್ಮ ದಿನವಹಿಯಲ್ಲಿ ಬರೆದು ಡಿಸ್ಕಿಗೆ ಮುಟ್ಟಿಸುವುದು, ಟೇಬಲ್ಲಿನ ಪುಟಗಳನ್ನು ನಿಧಾನವಾಗಿ ಬರೆಯುವುದು. ಕುಸಿದು ಬಿದ್ದು ಎದ್ದಾಗ ಲಾಗನ್ನು ಓದಿ, ಮುಗಿದದ್ದನ್ನು ಮತ್ತೆ ಮಾಡುವುದು, ಅರ್ಧಕ್ಕೆ ನಿಂತದ್ದನ್ನು ಅಳಿಸುವುದು. ಇದನ್ನು ಪೂರ್ತಿಯಾಗಿ ಕಟ್ಟಿಕೊಟ್ಟದ್ದು ಐಬಿಎಂನಲ್ಲಿದ್ದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ಪ್ರಬಂಧ. 69 ಪುಟ. ಕಾಲೇಜಿಗೆ ಮರಳಿದ ಮೇಲೆ ಅದನ್ನು ಪ್ರಿಂಟ್ ಹಾಕಿಸಿಕೊಂಡು ಎರಡು ತಿಂಗಳು ಓದಿದೆ. ಅರ್ಧ ಅರ್ಥವಾಗಲಿಲ್ಲ, ಆದರೂ ಬಿಡಲಾಗಲಿಲ್ಲ. ರೂಮ್‌ಮೇಟು ಊಟಕ್ಕೆ ಕರೆದರೂ ಏಳದೆ ಕೂತಿದ್ದ ಒಂದು ರಾತ್ರಿ, ಅವಳ ನಾಲ್ಕು-ಒಂಬತ್ತಿನ ಚಿತ್ರ ನೆನಪಿಗೆ ಬಂತು. ಎಲ್ಲ ಸರಿಯಾದ ಮೇಲೂ ಉಳಿಯುವ ಒಂದಿಷ್ಟು ತಪ್ಪು ಎಲ್ಲ ವಿಭಾಗದಲ್ಲೂ ಇರುತ್ತದೆ. ಅವಳಿಗೆ ಅಲ್ಲಿಯ ತಪ್ಪು ಬೇಕಿತ್ತು, ನನಗೆ ಇಲ್ಲಿಯದು. ನಾನು ಆಯ್ಕೆ ಮಾಡಿದ್ದು ಇಷ್ಟರ ಮೇಲೆ. ಸಂಬಳದ ಪಟ್ಟಿ ನೋಡಿ ಅಲ್ಲ, ಯಾವ ವಿಷಯದಲ್ಲಿ ಅಂಕ ಜಾಸ್ತಿ ಎಂದೂ ಅಲ್ಲ.

2016ರಲ್ಲಿ ಕೆಲಸಕ್ಕೆ ಸೇರಿದಾಗ ಸಿಕ್ಕಿದ್ದು ಟೆಸ್ಟಿಂಗ್. ಎರಡು ವರ್ಷ ಅದನ್ನೇ ಮಾಡಿದೆ. ಕ್ವೆರಿ ನಿಧಾನ ಎಂದು ಯಾರು ಗೊಣಗಿದರೂ ಅವರ ಪಕ್ಕ ಹೋಗಿ ಕೂರುತ್ತಿದ್ದೆ, ಹಾಗೇ ಒಂದು ದಿನ ಡೇಟಾಬೇಸ್ ತಂಡದವರು ಕರೆದರು.

ಅದೇ ಸಮಯದಲ್ಲಿ ಊರಿನಲ್ಲೂ ಒಂದು ದೂರು ಹುಟ್ಟಿತ್ತು. ವರ್ಷದ ಬೋನಸ್ ಪಟ್ಟಿ ತೆಗೆಯಲು ಮೂರು ನಿಮಿಷ ಹಿಡಿಯುತ್ತದೆ ಎಂದರು ಅಪ್ಪ. 180 ಜನ, ದಿನಕ್ಕೆರಡು ಹೊತ್ತು ಅಂದರೆ ವರ್ಷಕ್ಕೆ 1,31,400 ಸಾಲು. ಮೂರು ವರ್ಷಕ್ಕೆ ನಾಲ್ಕು ಲಕ್ಷದ ಹತ್ತಿರ. ನನ್ನ ಪ್ರೋಗ್ರಾಮ್ ಒಬ್ಬೊಬ್ಬ ಸದಸ್ಯರಿಗೂ ಆ ನಾಲ್ಕು ಲಕ್ಷವನ್ನೂ ಮೊದಲಿನಿಂದ ಓದುತ್ತಿತ್ತು. 180 ಸಲ ಓದಿದರೆ ಏಳು ಕೋಟಿ ಸಾಲು! ಸದಸ್ಯರ ನಂಬರು, ತಾರೀಕು ಸೇರಿಸಿ ಒಂದು ಇಂಡೆಕ್ಸ್ ಹಾಕಿದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಅಪ್ಪ ಗುಂಡಿ ಒತ್ತಿ, ಚಹಾ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಪಟ್ಟಿ ಬಂದಿತ್ತು. ಇಂಡೆಕ್ಸಿನ ಒಳಗಿರುವುದು ಬಿ-ಟ್ರೀ ಎಂಬ ಮರದಂಥ ಜೋಡಣೆ. ರುಡಾಲ್ಫ್ ಬೇಯರ್, ಎಡ್ವರ್ಡ್ ಮೆಕ್‌ಕ್ರೈಟ್ ಬೋಯಿಂಗ್ ಕಂಪನಿಯಲ್ಲಿದ್ದಾಗ ಕಂಡುಕೊಂಡು 1972ರಲ್ಲಿ ಪ್ರಕಟಿಸಿದ್ದು. ಒಂದು ಪುಟದಲ್ಲಿ ನೂರಾರು ಕೀಲಿಗಳು (ಹುಡುಕಲು ಬಳಸುವ ನಂಬರು, ತಾರೀಕು) ಹಿಡಿಯುವುದರಿಂದ ನಾಲ್ಕು ಲಕ್ಷದೊಳಗೆ ಬೇಕಾದ ಸಾಲನ್ನು ಎರಡು ಮೂರು ಮೆಟ್ಟಿಲಲ್ಲೇ ಮುಟ್ಟಬಹುದು. ಐದು ಸಾಲಿನ ಲ್ಯಾಬಿನಲ್ಲಿ ಇದು ಹೇಗೆ ತಾನೆ ಕಾಣಬೇಕು? ವಿದ್ಯಾರ್ಥಿಗಳು ಸಿಕ್ಕಾಗಲೆಲ್ಲ ಇದೊಂದನ್ನು ಕೈಮುಗಿದು ಹೇಳುತ್ತೇನೆ: ಒಂದು ವಿಷಯ ಇಷ್ಟವಿಲ್ಲ ಎನ್ನುವ ಮೊದಲು ಅದನ್ನು ಅದರ ನಿಜವಾದ ಗಾತ್ರದಲ್ಲಿ ಒಮ್ಮೆ ನೋಡಿ.

ಈ ಕೆಲಸದ ಕಷ್ಟವನ್ನೂ ಹೇಳಬೇಕು. ರಾತ್ರಿ ಎರಡಕ್ಕೆ ಫೋನು ಬಂದರೆ ಏಳಬೇಕು. ಸರಿಯಾಗಿ ನಡೆಯುವಾಗ ಯಾರ ಕಣ್ಣಿಗೂ ಬೀಳದ ಕೆಲಸ ಇದು. ಕಲಿತದ್ದು ಮುಗಿಯಿತು ಅನ್ನುವಂತೆಯೂ ಇಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನ ಬಳಗದಲ್ಲಿ ಒಂದು ಸಂಗತಿ ಹೊರಬಿತ್ತು. ಡೇಟಾಬೇಸು ಡಿಸ್ಕಿಗೆ ಬರೆ ಎಂದು ಹೇಳಿದಾಗ ಬರೆಯುವುದು ಒಮ್ಮೆ ಸೋತರೆ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಆ ಪುಟಗಳನ್ನು ಬರೆದಾಗಿದೆ ಎಂದು ಗುರುತು ಹಾಕಿಬಿಡಬಹುದು, ಎರಡನೇ ಸಲ ಕೇಳಿದರೆ ಸರಿಯಾಗಿದೆ ಎಂದೇ ಉತ್ತರ ಕೊಡಬಹುದು. ವರ್ಷಾನುಗಟ್ಟಲೆ ಎಲ್ಲರೂ ನಂಬಿಕೊಂಡಿದ್ದದ್ದೇ ತಪ್ಪಾಗಿತ್ತು. 2019ರ ಆರಂಭದಲ್ಲಿ ಪರಿಹಾರ ಬಂತು: ಹಾಗೆ ಸೋತರೆ ಮತ್ತೆ ಕೇಳುವುದು ಬೇಡ, ಡೇಟಾಬೇಸ್ ಅಲ್ಲೇ ನಿಂತು, ಲಾಗಿನಿಂದ ಮತ್ತೆ ಏಳಲಿ. ಆ ಚರ್ಚೆಯನ್ನು ಓದುತ್ತಾ ನನಗೆ ಮತ್ತೆ ಆ ಸೋಮವಾರದ ಸಂಜೆ, ಅಪ್ಪನ ದಿನವಹಿ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳ ಸಿಇಟಿ ಮುಗಿದಿತ್ತು. ಸಿಎಸ್ಸೋ ಡೇಟಾ ಸೈನ್ಸೋ ಎಂದು ಅಕ್ಕ ಭಾವ ದಿನಾ ಕೇಳುತ್ತಿದ್ದರು. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್ ಎರಡರಲ್ಲೂ ಓದುವುದೇ, ಗಾಬರಿ ಬೇಡ ಅಂದೆ. ಸದಸ್ಯರ ಹೆಸರುಗಳನ್ನು ಅಳಿಸಿ ಡೈರಿಯ ಹಳೇ ಡೇಟಾವನ್ನು ಅವಳಿಗೆ ಕೊಟ್ಟೆ, ಒಂದೆರಡು ಕ್ವೆರಿ ಹೇಳಿಕೊಟ್ಟೆ. ನನ್ನ ಹಾಗೆ ಇವಳೂ ಇಂಡೆಕ್ಸಿನ ಹಿಂದೆ ಬೀಳುತ್ತಾಳೆ ಅಂದುಕೊಂಡಿದ್ದೆ. ವಾರ ಬಿಟ್ಟು ಬಂದಳು. ನಿಧಾನದ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಒಂದು ಗ್ರಾಫ್ ತೋರಿಸಿದಳು. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಫ್ಯಾಟು ಜಾಸ್ತಿ, ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ. ಎರಡು ಕರೆತದ ನಡುವೆ ಹೊತ್ತು ಕಡಿಮೆಯಾದರೆ ಫ್ಯಾಟು ಏರುತ್ತದೆ, ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದೇ ಅಂದೆ.

‘ಅದು ತಾತ ಹೇಳಿದ್ರು ಚಿಕ್ಕಮ್ಮ,’ ಅಂದಳು. ‘ಈ ನಾಲ್ಕು ನಂಬರಲ್ಲಿ ಮಾತ್ರ ಯಾಕೆ ಹಾಗಿಲ್ಲ?’

ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ಆ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಅಪ್ಪನ ಟಿವಿಎಸ್ ಹಿಂದೆ ಹತ್ತಿ, ಆ ಮನೆಗಳ ಕೊಟ್ಟಿಗೆ ನೋಡಲು ಹೊರಟಿದ್ದಳು. ಅಕ್ಕನಿಗೆ ಫೋನ್ ಮಾಡಿ, ಡೇಟಾ ಸೈನ್ಸ್ ಹಾಕಿಸಿ ಅಂದೆ.