ಗಡ್ಡೆಯ ಜೀನ್ ರಿಪೋರ್ಟ್ ಓದುವುದು ಹೇಗೆ: ನಾಲ್ಕು ಸಾಲು, ಒಂದು ಪೆನ್ಸಿಲ್

ಕ್ಯಾನ್ಸರ್ ಗಡ್ಡೆಯ ಜೀನ್ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನನ್ನ ಕೆಲಸ. ರಿಪೋರ್ಟ್ ಕೈಗೆ ಬಂದ ಮೇಲೆ ಹೆಚ್ಚಿನವರು ಮೊದಲ ಪುಟ ನೋಡುತ್ತಾರೆ, ಎರಡನೆಯದನ್ನು ತಿರುಗಿಸುತ್ತಾರೆ, ಕವರ್‌ಗೆ ವಾಪಸ್ ಹಾಕಿಬಿಡುತ್ತಾರೆ. ಪುಟಗಟ್ಟಲೆ ಇಂಗ್ಲಿಷ್, ನಡುವೆ ಅಕ್ಷರ ಅಂಕಿ ಬೆರೆತ ಸಂಕೇತಗಳು. ಅದು ಡಾಕ್ಟ್ರಿಗೆ ಮಾತ್ರ ಅಂದುಕೊಳ್ಳುತ್ತಾರೆ. ಚಿಕಿತ್ಸೆ ಯಾವುದು ಅನ್ನುವುದನ್ನು ಡಾಕ್ಟ್ರೇ ಹೇಳಬೇಕು, ನಿಜ. ಆದರೆ ನಿಮ್ಮ ಮನೆಯವರ ಮೈಯಲ್ಲಿದ್ದ ಒಂದು ಸಾಮಾನ್ಯ ಜೀವಕೋಶ ಹೇಗೆ ಹಾದಿ ತಪ್ಪಿತು ಅನ್ನುವುದು ಆ ಪುಟಗಳಲ್ಲಿದೆ. ಅದನ್ನು ಓದೋಕೆ ನಿಮಗೆ ಮೂರರ ಮಗ್ಗಿ ಬಂದರೆ ಸಾಕು.

ಅಭ್ಯಾಸಕ್ಕೆ ನಾನೇ ಕಟ್ಟಿದ ಒಂದು ರಿಪೋರ್ಟ್ ಕೊಡುತ್ತೇನೆ. ಇದು ಯಾವ ರೋಗಿಯದೂ ಅಲ್ಲ. ದೊಡ್ಡ ಕರುಳಿನ ಕ್ಯಾನ್ಸರ್, ಟ್ಯೂಮರ್ ಪ್ರಮಾಣ 60%. ಪ್ರತಿ ಸಾಲಿನಲ್ಲಿ ಮೊದಲು ಜೀನಿನ ಹೆಸರು, ಆಮೇಲೆ ಜೀನಿನಲ್ಲಾದ ಬದಲಾವಣೆ, ಅದರಿಂದ ಪ್ರೋಟೀನಿನಲ್ಲಾದ ಬದಲಾವಣೆ, ಕೊನೆಗೆ ಆ ಜೀನಿನ ಪ್ರತಿಗಳಲ್ಲಿ ಶೇಕಡಾ ಎಷ್ಟು ಕೆಟ್ಟಿವೆ ಅನ್ನುವುದು.

ಎಪಿಸಿ: ಸಿ.4348ಸಿ>ಟಿ, ಆರ್1450*, 31%
ಎಪಿಸಿ: ಸಿ.3927_3931ಡೆಲ್, ಇ1309ಎಫ್‌ಎಸ್, 28%
ಕೆರಾಸ್: ಸಿ.35ಜಿ>ಎ, ಜಿ12ಡಿ, 29%
ಟಿಪಿ53: ಸಿ.524ಜಿ>ಎ, ಆರ್175ಎಚ್, 42%

ಮೊದಲು ಆ 60%ಗೆ ಗುರುತು ಹಾಕಿ. ಬಯಾಪ್ಸಿ ತುಂಡನ್ನು ಫಾರ್ಮಲಿನ್‌ನಲ್ಲಿಟ್ಟು, ಆಮೇಲೆ ಮೇಣದಲ್ಲಿ ಕೂರಿಸಿದ್ದೇ ಬ್ಲಾಕ್. ಅದರಿಂದ ತೆಳುವಾದ ಪದರಗಳನ್ನು ಕತ್ತರಿಸಿ ಗಾಜಿನ ಸ್ಲೈಡ್ ಮೇಲೆ ಹಾಕುತ್ತೇವೆ. ಒಂದಕ್ಕೆ ಬಣ್ಣ ಕೊಡುತ್ತೇವೆ. ಪೆಥಾಲಜಿಸ್ಟ್ ಅದನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ, ನೇರಳೆ ಚುಕ್ಕಿಗಳು ಒತ್ತೊತ್ತಾಗಿರುವ ಗಡ್ಡೆಯ ಭಾಗಕ್ಕೆ ಮಾರ್ಕರ್ ಪೆನ್ನಿನಲ್ಲಿ ಸುತ್ತು ಹಾಕಿಕೊಡುತ್ತಾರೆ. ಬಣ್ಣ ಕೊಡದ ಸ್ಲೈಡನ್ನು ಅದರ ಮೇಲೆ ಸರಿಯಾಗಿ ಇಟ್ಟು, ಆ ಸುತ್ತಿನ ಒಳಗಿರುವುದನ್ನು ಮಾತ್ರ ಬ್ಲೇಡಿನಲ್ಲಿ ಕೆರೆದು ಟ್ಯೂಬಿಗೆ ಹಾಕುವುದು ನನ್ನ ಕೆಲಸ. ಎಷ್ಟು ಹುಷಾರಾಗಿ ಕೆರೆದರೂ ಗಡ್ಡೆಯ ಜೊತೆ ರಕ್ತನಾಳ, ಬಿಳಿ ರಕ್ತಕಣ, ನಾರು ಎಲ್ಲ ಬರುತ್ತವೆ. 60% ಅಂದರೆ ನೂರು ಕೋಶಗಳಲ್ಲಿ ಸುಮಾರು ಅರವತ್ತು ಕ್ಯಾನ್ಸರಿನವು, ನಲವತ್ತು ಒಳ್ಳೆಯವು. ಈ ಅಂಕಿ ತೀರಾ ಕಡಿಮೆ ಇದ್ದು, ರಿಪೋರ್ಟ್‌ನಲ್ಲಿ ಏನೂ ಸಿಗಲಿಲ್ಲ ಅಂತ ಬಂದಿದ್ದರೆ ಅಲ್ಲಿಗೆ ಸುಮ್ನಾಗಬೇಡಿ. ಬೇರೆ ಬ್ಲಾಕ್‌ನಲ್ಲಿ ಮತ್ತೆ ನೋಡಬಹುದಾ ಅಂತ ಡಾಕ್ಟ್ರನ್ನು ಕೇಳಿ.

ಈಗ ಕೆರಾಸ್ ಸಾಲು. ‘ಸಿ.35’ ಅಂದರೆ ಆ ಜೀನ್‌ನಲ್ಲಿ ಪ್ರೋಟೀನ್ ಬರೆದಿರುವ ಭಾಗದ 35ನೇ ಅಕ್ಷರ. ಜೀನ್‌ನಲ್ಲಿರುವುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ. ಕೋಶ ಅವನ್ನು ಮೂರು ಮೂರಾಗಿ ಓದುತ್ತದೆ. ಪ್ರತಿ ಮೂರಕ್ಕೆ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ತುಣುಕು. ಹನ್ನೆರಡು ಮೂರಲಿ ಮೂವತ್ತಾರು. ಹಾಗಾಗಿ 34, 35, 36 ಸೇರಿ ಹನ್ನೆರಡನೆಯ ಗುಂಪು. ಅಲ್ಲಿ ಜಿಜಿಟಿ ಇರಬೇಕಿತ್ತು. ನಡುವಿನ ಜಿ ಹೋಗಿ ಎ ಬಂತು, ಜಿಎಟಿ ಆಯಿತು. ಗ್ಲೈಸಿನ್ ಇರಬೇಕಾದ ಕಡೆ ಆಸ್ಪಾರ್ಟಿಕ್ ಆಮ್ಲ ಕೂತಿತು. ‘ಜಿ12ಡಿ’ ಅಂದರೆ ಅಷ್ಟೇ: ಮೊದಲು ಇದ್ದದ್ದು, ಎಷ್ಟನೆಯ ಜಾಗ, ಈಗ ಬಂದದ್ದು. ಇಲ್ಲಿ ಜಿ ಅಂದರೆ ಗ್ಲೈಸಿನ್, ಡಿ ಅಂದರೆ ಆಸ್ಪಾರ್ಟಿಕ್ ಆಮ್ಲ.

ಒಂದು ಅಕ್ಷರದಿಂದ ಇಷ್ಟೆಲ್ಲ ಆಗುತ್ತದಾ? ಆಗುತ್ತದೆ, ಜಾಗ ಅಂಥದ್ದಾಗಿದ್ದರೆ. ಕೋಶ ಬೆಳೆಯಬೇಕು ಅನ್ನುವ ಸೂಚನೆ ಹೊರಗಿನಿಂದ ಬಂದಾಗ ಕೆರಾಸ್ ಪ್ರೋಟೀನಿಗೆ ಜಿಟಿಪಿ ಅನ್ನುವ ಸಣ್ಣ ಅಣು ಅಂಟಿಕೊಳ್ಳುತ್ತದೆ. ಅಂಟಿರುವಷ್ಟು ಹೊತ್ತು ‘ಬೆಳೆ’ ಅನ್ನುವ ಆದೇಶ ಒಳಗೆ ಹೋಗುತ್ತಿರುತ್ತದೆ. ಆಮೇಲೆ ಕೆರಾಸೇ ಆ ಜಿಟಿಪಿಯನ್ನು ಮುರಿದು ಆದೇಶ ನಿಲ್ಲಿಸುತ್ತದೆ. ಗ್ಲೈಸಿನ್ ಅಮೈನೋ ಆಮ್ಲಗಳಲ್ಲೇ ಚಿಕ್ಕದು. ಹನ್ನೆರಡನೆಯ ಜಾಗದಲ್ಲಿ ಅದಕ್ಕಿಂತ ದೊಡ್ಡದು ಬಂದು ಕೂತರೆ ಮುರಿಯುವ ಕೆಲಸಕ್ಕೆ ಅಡ್ಡವಾಗುತ್ತದೆ. ಆದೇಶ ನಿಲ್ಲುವುದೇ ಇಲ್ಲ. ಕೆರಾಸ್‌ನ ಒಡಹುಟ್ಟಿದ ಜೀನ್ ಎಚ್‌ರಾಸ್‌ನಲ್ಲಿ ಇದೇ ಹನ್ನೆರಡನೆಯ ಜಾಗದ ಒಂದಕ್ಷರದ ಬದಲಾವಣೆಯನ್ನು 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ ಕಂಡುಹಿಡಿದರು. ಮನುಷ್ಯರ ಗಡ್ಡೆಯಲ್ಲಿ ‘ಇದೇ ಅಕ್ಷರ’ ಅಂತ ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ಈ ಸಾಲಿನ ಕೆಳಗೆ ಸೆಟುಕ್ಸಿಮ್ಯಾಬ್, ಪ್ಯಾನಿಟುಮ್ಯಾಬ್ ಪ್ರಯೋಜನವಿಲ್ಲ ಅಂತ ಬರೆದಿರುತ್ತದೆ. ದುಬಾರಿ ಅಂತ ಕೊಡುತ್ತಿಲ್ಲವೇನೋ ಅಂತ ಕೆಲವರು ಕೊರಗುತ್ತಾರೆ. ಹಾಗಲ್ಲ. ಆ ಔಷಧಿಗಳು ಕೋಶದ ಮೇಲ್ಮೈಯಲ್ಲಿ ಸೂಚನೆ ಬರುವುದನ್ನೇ ತಡೆಯುತ್ತವೆ. ಇಲ್ಲಿ ಕೆಟ್ಟಿರುವುದು ಅದರ ಒಳಗೆ. ಹೊರಗೆ ತಡೆದರೆ ಏನೂ ಆಗುವುದಿಲ್ಲ.

ಎಪಿಸಿಗೆ ಎರಡು ಸಾಲು ಇರುವುದನ್ನು ಗಮನಿಸಿ. ಇಲ್ಲಿ ಕಥೆ ಬೇರೆ. ಎಪಿಸಿ ಬೆಳವಣಿಗೆಯನ್ನು ಹಿಡಿದಿಡುವ ಜೀನ್. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಅಲ್ಲಿ ವಿಭಜನೆ ಸಾಕು ಅನ್ನಿಸುವಾಗ ವಿಭಜನೆಗೆ ತಳ್ಳುವ ಬೀಟಾ-ಕ್ಯಾಟೆನಿನ್ ಅನ್ನುವ ಪ್ರೋಟೀನನ್ನು ನಾಶ ಮಾಡಿಸುವುದರಲ್ಲಿ ಎಪಿಸಿಗೆ ಪಾತ್ರವಿದೆ. 1450 ಮೂರಲಿ 4350, ಅಂದರೆ 4348 ಆ ಗುಂಪಿನ ಮೊದಲ ಅಕ್ಷರ. ಸಿಜಿಎ ಇದ್ದದ್ದು ಟಿಜಿಎ ಆಗಿದೆ. ಟಿಜಿಎ ಅಂದರೆ ‘ಇಲ್ಲಿಗೆ ಮುಗೀತು’. ನಕ್ಷತ್ರದ ಗುರುತು ಅದಕ್ಕೇ. 2843 ಅಮೈನೋ ಆಮ್ಲ ಉದ್ದ ಇರಬೇಕಾದ ಪ್ರೋಟೀನ್ ಅರ್ಧಕ್ಕೇ ನಿಂತಿತು. ಎರಡನೆಯ ಸಾಲಿನಲ್ಲಿ ಐದು ಅಕ್ಷರ ಬಿಟ್ಟುಹೋಗಿವೆ, ‘ಡೆಲ್’ ಅಂದರೆ ಅದೇ. ಐದು ಮೂರರ ಮಗ್ಗಿಯಲ್ಲಿ ಬರುವುದಿಲ್ಲ, ಅಲ್ವಾ? ಹಾಗಾಗಿ ಅಲ್ಲಿಂದ ಮುಂದಿನ ಗುಂಪುಗಳೆಲ್ಲ ಪಲ್ಲಟವಾಗಿ, ಸ್ವಲ್ಪ ದೂರದಲ್ಲೇ ಅದೂ ನಿಂತುಹೋಗುತ್ತದೆ. ‘ಎಫ್‌ಎಸ್’ ಅಂದರೆ ಈ ಪಲ್ಲಟ.

ಎರಡು ಯಾಕೆ ಬೇಕಾಯಿತು? ಪ್ರತಿ ಜೀನಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಇರುತ್ತದೆ. ಕೆರಾಸ್‌ನಂಥದ್ದು ಒಂದು ಪ್ರತಿ ಕೆಟ್ಟರೂ ಸಾಕು, ಅದೇ ಕೂಗುತ್ತಲೇ ಇರುತ್ತದೆ. ತಡೆಯುವ ಜೀನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪ್ರತಿ ಕೆಟ್ಟರೆ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಎರಡೂ ಹೋಗಬೇಕು. ಮಕ್ಕಳ ಕಣ್ಣಿನ ರೆಟಿನೋಬ್ಲಾಸ್ಟೋಮಾ ಗಡ್ಡೆಯ ಲೆಕ್ಕ ಹಾಕಿ ಆಲ್‌ಫ್ರೆಡ್ ನಡ್‌ಸನ್ 1971ರಲ್ಲಿ ಈ ‘ಎರಡು ಏಟಿನ’ ವಿಚಾರ ಮುಂದಿಟ್ಟರು. ಆಗ ಆ ಜೀನ್ ಇನ್ನೂ ಸಿಕ್ಕಿರಲಿಲ್ಲ.

ಟಿಪಿ53ಯದು ಇನ್ನೊಂದು ಬಗೆ. ಡಿಎನ್‌ಎಗೆ ಏಟು ಬಿದ್ದಾಗ ಕೋಶವನ್ನು ನಿಲ್ಲಿಸಿ ರಿಪೇರಿಗೆ ಸಮಯ ಕೊಡುವುದು, ರಿಪೇರಿ ಆಗದಿದ್ದರೆ ಕೋಶವನ್ನು ಸಾಯಿಸುವುದು ಅದರ ಕೆಲಸ. ಅದಕ್ಕೆ ಅದು ಡಿಎನ್‌ಎಯನ್ನು ಹಿಡಿದುಕೊಳ್ಳಬೇಕು. 175ನೆಯ ಜಾಗ ಕೆಟ್ಟರೆ ಹಿಡಿತ ಹೋಗುತ್ತದೆ. ಇದರ ಶೇಕಡಾ ಮಾತ್ರ 42 ಯಾಕೆ? ಪೆನ್ಸಿಲ್ ತಗೊಳ್ಳಿ. ನೂರು ಕೋಶ, ಇನ್ನೂರು ಪ್ರತಿ. ಅರವತ್ತು ಕ್ಯಾನ್ಸರ್ ಕೋಶಗಳಲ್ಲಿ ತಲಾ ಒಂದು ಕೆಟ್ಟದ್ದು, ಒಂದು ಒಳ್ಳೆಯದು ಇದ್ದರೆ ಇನ್ನೂರರಲ್ಲಿ ಅರವತ್ತು, ಅಂದರೆ 30%. ಕೆರಾಸ್ ಸಾಲು ಅದರ ಆಸುಪಾಸಿನಲ್ಲೇ ಇದೆ. ಎಪಿಸಿಯಲ್ಲಿ ಒಂದೊಂದು ಸಾಲು ಒಂದೊಂದು ಪ್ರತಿಯದು, ಹಾಗಾಗಿ ಅವೂ ಅಷ್ಟರಲ್ಲೇ ಇವೆ. ಟಿಪಿ53ಯಲ್ಲಿ ಕ್ಯಾನ್ಸರ್ ಕೋಶಗಳು ಒಳ್ಳೆಯ ಪ್ರತಿಯನ್ನು ಕಳೆದುಕೊಂಡಿದ್ದರೆ? ಕೆಟ್ಟವು ಅರವತ್ತು, ಒಳ್ಳೆಯವು ನಲವತ್ತು ಕೋಶಗಳ ಎಂಬತ್ತು. ನೂರಾ ನಲವತ್ತರಲ್ಲಿ ಅರವತ್ತು, ಸುಮಾರು 43%. ರಿಪೋರ್ಟ್‌ನಲ್ಲಿ 42. ಎರಡನೆಯ ಏಟು ಬೇರೆ ಸಾಲಾಗಿ ಕಾಣದಿದ್ದರೂ ಈ ಅಂಕಿಯಲ್ಲಿ ಅದರ ಸುಳಿವು ಇದೆ. ಟ್ಯೂಮರ್ ಪ್ರಮಾಣ ಕಣ್ಣಂದಾಜು ಆದ್ದರಿಂದ ಆಚೀಚೆ ಆಗುತ್ತದೆ, ಆದರೂ ಈ ಲೆಕ್ಕ ಹೊಂದಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇವು ಒಂದೇ ದಿನ ಬಂದವಲ್ಲ. ಜಾನ್ಸ್ ಹಾಪ್‌ಕಿನ್ಸ್‌ನ ಫಿಯರಾನ್ ಮತ್ತು ವೋಗಲ್‌ಸ್ಟೈನ್ 1990ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹಂತ ಹಂತವಾಗಿ ಬೆಳೆಯುವುದನ್ನು ವಿವರಿಸಿದರು. ಸಾಮಾನ್ಯವಾಗಿ ಮೊದಲು ಎಪಿಸಿ ಹೋಗಿ ಪಾಲಿಪ್, ಅಂದರೆ ಕರುಳಿನ ಒಳಪದರದ ಮೇಲೆ ಸಣ್ಣ ಗಂಟು, ಏಳುತ್ತದೆ. ಕೆರಾಸ್ ಸೇರಿ ಅದು ದಪ್ಪವಾಗುತ್ತದೆ. ಟಿಪಿ53 ಹೋದ ಮೇಲೆ ಪಕ್ಕದ ಪದರಕ್ಕೆ ನುಗ್ಗುತ್ತದೆ. ಇದಕ್ಕೆಲ್ಲ ಹಲವು ವರ್ಷ ಹಿಡಿಯುತ್ತದೆ. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಆಗಲೇ ತೆಗೆದುಬಿಡುವುದು ಈ ಕಾರಣಕ್ಕೆ.

ಎಲ್ಲರೂ ಕೇಳುವುದು ಒಂದೇ: ‘ಮೇಡಂ, ಏನು ತಿಂದು ಹೀಗಾಯ್ತು?’ ದಯವಿಟ್ಟು ಮತ್ತೆ ಎಪಿಸಿಯ ಮೊದಲ ಸಾಲು ನೋಡಿ. ಸಿಜಿಎ, ಟಿಜಿಎ ಆಗಿದೆ. ಸಿ ಪಕ್ಕದಲ್ಲಿ ಜಿ ಇರುವ ಕಡೆ ಆ ಸಿ ವಯಸ್ಸಾಗುತ್ತಾ ತಾನಾಗಿಯೇ ಟಿ ಆಗುವ ಸಾಧ್ಯತೆ ಜಾಸ್ತಿ. ನಿಮ್ಮಲ್ಲೂ ಆಗುತ್ತಿರುತ್ತದೆ, ನನ್ನಲ್ಲೂ ಆಗುತ್ತಿರುತ್ತದೆ. ಟಿಪಿ53ಯಲ್ಲಿ ಸಿಜಿಸಿ ಇದ್ದದ್ದು ಸಿಎಸಿ ಆಗಿದ್ದೂ ಅದೇ ಜಾತಿಯದು, ಡಿಎನ್‌ಎಯ ಎದುರು ಎಳೆಯಿಂದ ನೋಡಿದರೆ. ಬೀಡಿ ಸಿಗರೇಟು ಸೇದುವವರ ಶ್ವಾಸಕೋಶದ ಗಡ್ಡೆಯಲ್ಲಿ ಜಿ ಹೋಗಿ ಟಿ ಬರುವುದು ಹೆಚ್ಚು. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರಿನ ಗುರುತೇ ಬೇರೆ. ಒಂದೆರಡು ಅಕ್ಷರ ನೋಡಿ ಕಾರಣ ತೀರ್ಮಾನಿಸುವುದು ಆಗದ ಮಾತು. ಆದರೆ ಈ ಅಕ್ಷರಗಳಲ್ಲಿ ಯಾರ ಅಡುಗೆಯ ಮೇಲೂ ತಪ್ಪು ಹೊರಿಸುವಂಥದ್ದು ಏನೂ ಇಲ್ಲ. ಹೆಂಡತಿಯನ್ನೋ ಸೊಸೆಯನ್ನೋ ಬೈಯುವವರಿಗೆ ಇದನ್ನು ಓದಿ ಹೇಳಿ.

ಇನ್ನೊಂದು ಭಯ ಮಕ್ಕಳದು. ಗಡ್ಡೆಯಲ್ಲಿ ಸಿಕ್ಕಿದ್ದೆಲ್ಲ ವಂಶದ್ದಲ್ಲ. ಹುಟ್ಟಿನಿಂದ ಬಂದದ್ದಾದರೆ ನೂರು ಕೋಶಗಳಲ್ಲೂ ಒಂದು ಪ್ರತಿ ಕೆಟ್ಟಿರಬೇಕು, ಅಂದರೆ 50%ರ ಸುತ್ತಮುತ್ತ. ಇಲ್ಲಿ 31, 28. ಗಡ್ಡೆಯಲ್ಲೇ ಹುಟ್ಟಿಕೊಂಡಂತೆ ಕಾಣುತ್ತದೆ. ಆದರೂ ಈ ಅಂದಾಜನ್ನೇ ನಂಬಿ ಕೂರಬೇಡಿ. ಎಪಿಸಿಯ 1309ನೆಯ ಜಾಗದ ಬದಲಾವಣೆ ಮನೆತನಗಳಲ್ಲಿ ಹರಿದು ಬರುವುದೂ ಉಂಟು. ರೋಗಿಗೆ ಸಣ್ಣ ವಯಸ್ಸು, ಕರುಳಿನ ತುಂಬ ಪಾಲಿಪ್, ಅಥವಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಇಂಥದ್ದೇ ಕಾಯಿಲೆ ಇದ್ದರೆ ರೋಗಿಯ ರಕ್ತದಲ್ಲೂ ಇದೇ ಅಕ್ಷರ ಹುಡುಕಿಸಿ. ರಕ್ತದಲ್ಲಿ ಇದ್ದರೆ ಮಾತ್ರ ಅಣ್ಣ ತಂಗಿ ಮಕ್ಕಳ ಪರೀಕ್ಷೆಯ ಮಾತು. ಆಗ ಪ್ರತಿ ಮಗುವಿಗೆ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ರಿಪೋರ್ಟ್‌ನಲ್ಲಿ ‘ಎಂಎಸ್‌ಐ-ಹೈ’ (ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆ ಅನ್ನುವ ಗುರುತು) ಅಂತ ಇದ್ದರೆ ವಂಶದ ವಿಷಯವನ್ನೂ, ಮೈಯ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಛೂ ಬಿಡುವ ಇಮ್ಯುನೋಥೆರಪಿಯನ್ನೂ ತಪ್ಪದೇ ಕೇಳಿ.

‘ವಿಯುಎಸ್’ ಅಂತ ಇರುವ ಸಾಲುಗಳನ್ನು ಸದ್ಯಕ್ಕೆ ಬಿಡಿ. ಬದಲಾವಣೆ ಕಂಡಿದೆ, ಕೆಡುಕು ಮಾಡುತ್ತದಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ ಅಂತ ಅದರ ಅರ್ಥ. ಅದನ್ನು ಹಿಡಿದುಕೊಂಡು ಮಕ್ಕಳಿಗೆ ಪರೀಕ್ಷೆ ಮಾಡಿಸಬೇಡಿ.

ಕೊನೆಗೆ ಬ್ಲಾಕ್ ನಂಬರ್ ಬರೆದಿಟ್ಟುಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕ್ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಇಡುತ್ತಾರೆ ಅಂತ ಕೇಳಿ. ಮನೆಗೆ ಕೊಟ್ಟರೆ ಬಿಸಿಲು ತಾಗದ ತಂಪು ಜಾಗದಲ್ಲಿ ಇಡಿ, ಮೇಣ ಕರಗಬಾರದು. ಮುಂದೆ ಹೊಸ ಔಷಧಿಗೆ ಇನ್ನೊಂದು ಪರೀಕ್ಷೆ ಬೇಕಾದರೆ, ರೋಗಿಗೆ ಮತ್ತೆ ಸೂಜಿ ಚುಚ್ಚದೆ ಆ ಬ್ಲಾಕ್‌ನಿಂದಲೇ ಮಾಡಬಹುದು.