ಆಗುಂಬೆ ಘಾಟಿಗೆ ಒಗ್ಗಿಸಿಕೊಂಡ ಆಂಬುಲೆನ್ಸಿನ ಕೋವಿಡ್ ನಿಯಮ: ನನ್ನ ಅನುಭವ

ಕೋವಿಡ್ ರೋಗಿಗಳನ್ನು ಸಾಗಿಸುವ ನಮ್ಮ ಆಂಬುಲೆನ್ಸಿನಲ್ಲಿ ಹ್ಯುಮಿಡಿಫೈಯರ್ ಬಾಟಲಿ (ಆಕ್ಸಿಜನ್ನಿಗೆ ತೇವ ಕೊಡುವ ನೀರಿನ ಬಾಟಲಿ) ಖಾಲಿ ಮಾಡಿ, ಕಿಟಕಿ ತೆರೆದುಕೊಂಡು ಮಳೆಗಾಲದಲ್ಲಿ ಘಾಟಿ ಇಳೀತೀವಿ ಅಂದಾಗ ನಮ್ಮ ಕಸುಬಿನವರೇ ನಕ್ಕಿದ್ದರು. 2021ರ ಎರಡನೇ ಅಲೆ ತಗ್ಗುವ ಹೊತ್ತಿಗೆ ಅವರೇ ಬಂದು ಕ್ರಮ ಕೇಳಿದರು.

ಮೊದಲು ಆಕ್ಸಿಜನ್. ‘ಸಿಲಿಂಡರ್ ತುಂಬಿದೆ’ ಅಂತ ಪಟ್ಟಿಯಲ್ಲಿ ಟಿಕ್ ಹಾಕುವುದು ಬಯಲುಸೀಮೆಗೆ ಸಾಕು, ಮಲೆನಾಡಿಗಲ್ಲ. ಬಿ ಟೈಪ್ (ಸುಮಾರು ಹತ್ತು ಲೀಟರ್ ಗಾತ್ರದ) ಸಿಲಿಂಡರಿನ ಒತ್ತಡದ ಮೀಟರ್ 150 ತೋರಿಸಿದರೆ ಒಳಗಿರೋದು 1,500 ಲೀಟರ್. ಶಿವಮೊಗ್ಗದಿಂದ ಮಣಿಪಾಲಕ್ಕೆ ಮೂರೂವರೆ ತಾಸು ಅಂತಿಟ್ಟುಕೊಳ್ಳಿ; ನಿಮಿಷಕ್ಕೆ 10 ಲೀಟರಿನಂತೆ 2,100 ಬೇಕು. ಒಂದೇ ಬಿ ನಂಬಿ ಹೊರಟರೆ ಘಾಟಿಯ ತಿರುವುಗಳಲ್ಲೇ ಮುಳ್ಳು ಸೊನ್ನೆಗೆ ಬರುತ್ತೆ. ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿದೆವು: ಮೀಟರಿನಲ್ಲಿ ಮೀಸಲಿಗೆಂದು 20 ಕಳೆದು, ಹತ್ತರಿಂದ ಗುಣಿಸಿ, ಫ್ಲೋದಿಂದ (ನಿಮಿಷಕ್ಕೆ ಬಿಡುವ ಲೀಟರ್) ಭಾಗಿಸಿ. 100 ಇದ್ದರೆ 10 ಲೀಟರಿಗೆ 80 ನಿಮಿಷ. ದಾರಿಯ ಹೊತ್ತಿಗೆ ಅರ್ಧದಷ್ಟು ಸೇರಿಸಿಕೊಂಡೇ ಹೊರಡಬೇಕು. ಧರೆ ಕುಸಿದು ಆಗುಂಬೆ ಬಂದ್ ಆದರೆ ಹೊಸನಗರ, ಹುಲಿಕಲ್ ಸುತ್ತಬೇಕಲ್ಲ!

ಸಿಲಿಂಡರ್ ಮಲಗಿಸಿ ಕಟ್ಟಿದರೆ ಗುಂಡಿನ ಫ್ಲೋಮೀಟರ್ (ಆಕ್ಸಿಜನ್ ಎಷ್ಟು ಹರಿಯುತ್ತೆ ಅಂತ ತೋರಿಸುವ ಕೊಳವೆ) ಸುಳ್ಳು ಹೇಳುತ್ತೆ, ಅದು ನೆಟ್ಟಗಿರಬೇಕು. ಬಾಟಲಿಯ ನೀರು ತಿರುವಿನಲ್ಲಿ ತುಳುಕಿ ಟ್ಯೂಬಿಗೆ ನುಗ್ಗುತ್ತೆ. ಚೀಲದ ಮಾಸ್ಕಿಗೆ (ಆಕ್ಸಿಜನ್ ತುಂಬಿಕೊಳ್ಳುವ ಚೀಲ ಇರುವ ಮಾಸ್ಕ್) ಆ ನೀರು ಬೇಕಾಗಿಯೂ ಇಲ್ಲ. ಮೂಗಿನ ನಳಿಕೆಯಲ್ಲಿ 4 ಲೀಟರ್‌ವರೆಗೂ ಬೇಡ. ಆದರೆ ಉಳಿಸೋಣ ಅಂತ ಚೀಲದ ಮಾಸ್ಕಿಗೆ 5 ಲೀಟರ್ ಬಿಡಬೇಡಿ, ಉಸಿರೆಳೆದಾಗ ಚೀಲ ಮುದುಡುತ್ತೆ. ರೋಗಿಯ ರಕ್ತದ ಆಕ್ಸಿಜನ್ ಮಟ್ಟ ಶೇಕಡಾ 96 ದಾಟಿದ್ದರೆ ನಳಿಕೆಗೆ ಇಳಿಸಿ ನೋಡಿ, ಉಳಿತಾಯ ಅಲ್ಲಿದೆ.

ರೋಗಿಯ ಕಡೆಯ ಗಾಳಿ ಬಾರದಂತೆ ಚಾಲಕನ ಕ್ಯಾಬಿನ್ನಿಗೆ ದಪ್ಪ ಪಾರದರ್ಶಕ ಶೀಟು, ಅಲ್ಯೂಮಿನಿಯಂ ಪಟ್ಟಿ. ನೆನಪಿನ ಪ್ರಕಾರ ಎರಡು ಸಾವಿರ ರೂಪಾಯಿ. ಶೀಟು ಹಾಕಿದ ಮಾತ್ರಕ್ಕೆ ಆಗಲಿಲ್ಲ. ಸಿಲಿಂಡರ್‌ಗಳನ್ನೆಲ್ಲ ಕೆಳಗಿಳಿಸಿ, ಹಿಂದೆ ಊದುಬತ್ತಿ ಹಚ್ಚಿ ಗಾಡಿ ಓಡಿಸಿ ನೋಡಿದೆವು. ಚಾಲಕನ ಕಿಟಕಿಯೊಂದನ್ನೇ ತೆರೆದರೆ ಹೊಗೆ ನೇರ ಮುಂದಕ್ಕೇ! ಮುಂದಿನ ಬ್ಲೋವರನ್ನು ಹೊರಗಿನ ಗಾಳಿಗೆ ಹಾಕಿ ಜೋರು ಮಾಡಿ, ಹಿಂದಿನ ಕಿಟಕಿ ನಾಲ್ಕು ಬೆರಳು ತೆರೆದು, ಗಾಳಿ ಹೊರದಬ್ಬುವ ಚಾವಣಿಯ ಫ್ಯಾನ್ ಹಾಕಿದಾಗ ಹೊಗೆ ಹಿಂದಕ್ಕೆ ತಿರುಗಿತು. ಫ್ಯಾನಿನ ಮುಚ್ಚಳ ಹಿಂದಕ್ಕೆ ಮುಖ ಮಾಡಿರಲಿ. ನಮ್ಮದು ಮುಂದಕ್ಕಿತ್ತು, ಒಂದೇ ಮಳೆಗೆ ಮೋಟಾರು ಸುಟ್ಟಿತು. ಶೀಟಿನ ಕೆಳಮೂಲೆ ಮುಚ್ಚಿದ ಬಗೆ ನಮ್ಮ ಗುಟ್ಟು, ಬಂದೇ ನೋಡಬೇಕು.

ರೋಗಿಯ ಉಸಿರಿನ ಹನಿ ಗಾಳಿಗೆ ಹರಡದಿರಲಿ ಅಂತ ನೆಬ್ಯುಲೈಜರ್ (ಔಷಧವನ್ನು ಮಂಜಾಗಿಸುವ ಯಂತ್ರ) ಇಳಿಸಿದೆವು, ಬದಲಿಗೆ ಸ್ಪೇಸರ್ (ಔಷಧ ಹಿಡಿದಿಡುವ ಕೊಳವೆ) ಹಾಕಿದ ಇನ್ಹೇಲರ್. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗಿಗೂ ಮಾಸ್ಕಿಗೂ ನಡುವೆ ಫಿಲ್ಟರ್.

ದುಡ್ಡು ದಂಡವಾದದ್ದು ಗಾಡಿಗೆ ಸೋಂಕುನಾಶಕ ಹೊಡೆಯುವ ಫಾಗಿಂಗ್ ಯಂತ್ರಕ್ಕೆ, ಹದಿನೆಂಟು ಸಾವಿರದ ಆಸುಪಾಸು. ಅಡಿಕೆಗೆ ಬೋರ್ಡೋ ಹೊಡೆಯುವ ಬೆನ್ನಿನ ಪಂಪನ್ನೂ ತೊಳೆದು ಪ್ರಯೋಗಿಸಿದೆವು: ಸ್ವಿಚ್ಚುಗಳಿಗೆ ನೀರು, ಸ್ಟ್ರೆಚರ್ ಗಾಲಿಗೆ ತುಕ್ಕು, ಕೊಳೆ ಹಾಗೇ. ಕೊನೆಗೆ ಗೆದ್ದದ್ದು ಬಟ್ಟೆ, ಬಕೆಟ್. ಲೀಟರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ, ತಿಳಿ ಬಸಿದು ಒರೆಸಿ, ಹತ್ತು ನಿಮಿಷ ಹಸಿಯಾಗಿಟ್ಟು ನೀರಿನಿಂದ ಒರೆಸಬೇಕು. ಲೋಹಕ್ಕೆ 70 ಶೇಕಡಾ ಸ್ಪಿರಿಟ್. ನಮ್ಮ ಥಂಡಿಗೆ ಬಿಚ್ಚಿದ ಚೀಲದ ಪುಡಿ ಗಂಟುಕಟ್ಟಿ ಸತ್ತ್ವ ಕಳಕೊಳ್ಳುತ್ತೆ. ಸಣ್ಣ ಪ್ಯಾಕೆಟ್ ತನ್ನಿ, ದ್ರಾವಣ ದಿನವೂ ಹೊಸದಾಗಿರಲಿ.

ಪಿಪಿಇ ಕಿಟ್ಟಿನದು ಬೇರೆ ಫಜೀತಿ. ಗಾಡಿ ಮನೆ ಬಾಗಿಲಿಗೆ ಹೋಗುವುದಿಲ್ಲ, ತೋಟ, ಸಂಕ (ಕಾಲುಸೇತುವೆ) ದಾಟಿ ಸ್ಟ್ರೆಚರ್ ಹೊರಬೇಕು, ಚಾಲಕನೂ ಕೈ ಹಾಕಲೇಬೇಕು. ಅವನೂ ಹೊರುವಾಗ ಪೂರ್ತಿ ಕಿಟ್ ತೊಟ್ಟು, ಕ್ಯಾಬಿನ್ ಹತ್ತುವ ಮುಂಚೆ ಬಿಚ್ಚಿ ಅದಕ್ಕೆಂದೇ ಇಟ್ಟ ಚೀಲಕ್ಕೆ ಹಾಕಿ, ಕೈ ತೊಳೆದು, ಹೊಸ ಮಾಸ್ಕ್ ಹಾಕಬೇಕಿತ್ತು. ಕಿಟ್ಟಿನ ಕಾಲುಚೀಲ ಕೆಸರಿನಲ್ಲಿ ಹತ್ತು ಹೆಜ್ಜೆಗೇ ಹರಿಯುತ್ತೆ, ಮೇಲೆ ಜಾರುತ್ತೆ ಬೇರೆ. ಅದರ ಬದಲು ಗಂಬೂಟು ಹಾಕಿಸಿದೆವು. ಕೆಸರು ತೊಳೆದ ಮೇಲೇ ಬ್ಲೀಚಿಗೆ ಅದ್ದಬೇಕು.