ತುಮಕೂರಿನ ಕರೆಂಟಿಗೂ ನನ್ನ ಸ್ಪೀಕರಿಗೂ ಹೊಂದೋ ವಾಲ್ವ್ ಆಂಪ್ ಹುಡುಕಿದ್ದು

ನಮ್ಮನೇಲಿ ಹಾಡು ಕೇಳೋಕೆ ಹಳೇ ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರೋ ಆಂಪ್ಲಿಫೈಯರ್) ಇತ್ತು, ಇಎಲ್84 ಅನ್ನೋ ವಾಲ್ವಿಂದು, ಅದರ ಒಂದು ಚಾನೆಲ್ಲು ಕೆಟ್ಟೋಯ್ತು. ಬಿಚ್ಚಿ ಮೀಟರ್ ಇಟ್ಟು ನೋಡಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ವಾಲ್ವಿನ ಸಿಗ್ನಲನ್ನ ಸ್ಪೀಕರಿಗೆ ಹೊಂದಿಸೋದು) ಪ್ರೈಮರಿಯ, ಅಂದ್ರೆ ವಾಲ್ವ್ ಕಡೆ ಸುತ್ತಿನ, ಅರ್ಧ ಭಾಗ ಓಪನ್, ತಂತಿ ತುಂಡಾಗಿದೆ. ತುಮಕೂರಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡೋರಿಗೇನೂ ಬರ ಇಲ್ಲ, ಆದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತೋದು ಬೇರೇನೇ ಕೆಲಸ, ಪ್ರೈಮರಿ ಒಂದಷ್ಟು ಪದರ ಅದರ ಮೇಲೆ ಸೆಕೆಂಡರಿ (ಸ್ಪೀಕರ್ ಕಡೆ ಸುತ್ತು) ಒಂದಷ್ಟು ಪದರ ಮತ್ತೆ ಪ್ರೈಮರಿ ಅಂತ ಬರ್ಬೇಕು, ಇಲ್ಲಾಂದ್ರೆ ಟ್ರೆಬಲ್ ಬಿದ್ದೋಗುತ್ತೆ. ಪ್ರಿಆಂಪೂ (ಸ್ಪೀಕರ್ ನಡೆಸೋ ಪವರ್ ಆಂಪಿಗೆ ಮುಂಚೆ ಬರೋ, ವಾಲ್ಯೂಮ್ ಇರೋ ಪೆಟ್ಟಿಗೆ) ಅದೇ ಕಾಲದ್ದು, ವಾಲ್ಯೂಮ್ ತಿರುಗಿಸಿದ್ರೆ ಕರಕರ. ಎರಡನ್ನೂ ಬದಲಾಯಿಸೋಣ ಅಂತ ತೀರ್ಮಾನ ಮಾಡಿದೆ.

ಯಾರನ್ನ ಕೇಳಿದ್ರೂ ಮೊದಲು ವಾಲ್ವ್ ಹೆಸರೇ ಹೇಳ್ತಾರೆ, 300ಬಿ ತಗೊಳ್ಳಿ, ಕೆಟಿ88 ತಗೊಳ್ಳಿ ಅಂತ. ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿದ್ದು ರಿಟೈರ್ ಆದ ಪಕ್ಕದ್ಮನೆ ಹಿರಿಯರೊಬ್ಬರು ಮಾತ್ರ ಬೇರೆ ಮಾತು ಹೇಳಿದ್ರು: "ನೋಡಪ್ಪ, ಮೊದ್ಲು ನಿನ್ ಸ್ಪೀಕರ್ ನೋಡ್ಕೊ, ನಿನ್ ಮನೆ ಕರೆಂಟ್ ನೋಡ್ಕೊ, ವಾಲ್ವ್ ವಿಚಾರ ಆಮೇಲೆ." ನಾನು ಅದೇ ದಾರಿ ಹಿಡಿದೆ, ಈಗ್ಲೂ ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳೋದು.

ನನ್ನ ಸ್ಪೀಕರ್ ಸೆನ್ಸಿಟಿವಿಟಿ 87 ಡಿಬಿ (ಡೆಸಿಬೆಲ್, ಸದ್ದಿನ ಅಳತೆ), ಅಂದ್ರೆ 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 87 ಡಿಬಿ. ಪವರ್ ಡಬಲ್ ಮಾಡಿದ್ರೆ ಸಿಗೋದು ಬರೀ 3 ಡಿಬಿ. 300ಬಿ ಸಿಂಗಲ್ ಎಂಡೆಡ್ (ಚಾನೆಲ್ಲಿಗೆ ಒಂದೇ ಔಟ್‌ಪುಟ್ ವಾಲ್ವ್ ಇರೋದು) ಅಂದ್ರೆ ಸುಮಾರು 8 ವ್ಯಾಟ್, ಅದು ಕಷ್ಟಪಟ್ಟು 96ಕ್ಕೆ ಹೋಗುತ್ತೆ, ಅದೂ 1 ಮೀಟರಲ್ಲಿ, ನಾನು ಕೂರೋದು ಅದಕ್ಕಿಂತ ಎಷ್ಟೋ ಹಿಂದೆ. ಮನ್ಸೂರರ ಗಾಯನ ಒಂದೇ ಆದ್ರೆ ಅಷ್ಟು ಸಾಕಾಗ್ತಿತ್ತೇನೋ, ಆದ್ರೆ ನಮ್ಮನೇಲಿ ಕಚೇರಿ ರೆಕಾರ್ಡಿಂಗ್ ಜಾಸ್ತಿ ಕೇಳ್ತೀವಿ, ತನಿ ಆವರ್ತನದಲ್ಲಿ ಮೃದಂಗದ ಏಟು ಬೀಳೋ ಆ ಒಂದು ಕ್ಷಣಕ್ಕೆ ಸರಾಸರಿಗಿಂತ ಎಷ್ಟೋ ಪಟ್ಟು ಪವರ್ ಬೇಕು, ಅದಿಲ್ಲಾಂದ್ರೆ ಏಟು ಮೆತ್ತಗಾಗಿ ಬಿಡುತ್ತೆ. ಇಎಲ್34 ವಾಲ್ವ್ ಪುಷ್ ಪುಲ್ (ಎರಡು ವಾಲ್ವ್ ಜೋಡಿಯಾಗಿ ಕೆಲಸ ಮಾಡೋದು) ಆದ್ರೆ ಆರಾಮಾಗಿ 35 ವ್ಯಾಟ್, 102 ಡಿಬಿ. 300ಬಿ ಕೆಟ್ಟದ್ದು ಅಂತಲ್ಲ, 95 ಡಿಬಿ ಮೇಲಿನ ಸ್ಪೀಕರ್ ಇರೋರಿಗೆ ಅದು ಬಹಳ ಚೆನ್ನಾಗಿರುತ್ತೆ. ಇಎಲ್34 ಇವತ್ತಿಗೂ ಸ್ಲೊವಾಕಿಯಾ, ರಷ್ಯಾ, ಚೀನಾ ಮೂರು ಕಡೆ ಹೊಸದಾಗಿ ತಯಾರಾಗ್ತಿದೆ, ನಾಳೆ ವಾಲ್ವ್ ಸಿಗ್ಲಿಲ್ಲ ಅನ್ನೋ ಭಯ ಇಲ್ಲ, ಅದೂ ಒಂದು ಕಾರಣ.

ಇನ್ನು ಕರೆಂಟು. ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ನನಗೆ ಇದೇ ದೊಡ್ಡ ವಿಷಯ. ನಮ್ಮ ಏರಿಯಾಲಿ ಸಂಜೆ ಹೊತ್ತು ಮೀಟರ್ ಇಟ್ರೆ 205 ವೋಲ್ಟ್, ರಾತ್ರಿ ಹನ್ನೊಂದರ ಮೇಲೆ 245. ಹೊಸದಾಗಿ ಬರೋ ಎಷ್ಟೋ ಚೀನಾ ಆಂಪ್‌ಗಳ ಟ್ರಾನ್ಸ್‌ಫಾರ್ಮರ್ 220ಕ್ಕೆ ಸುತ್ತಿರೋದು. ಇಎಲ್34 ತರದ ವಾಲ್ವನ್ನ ಒಳಗಿಂದ ಬಿಸಿ ಮಾಡೋ ಹೀಟರ್‌ಗೆ ಬೇಕಾಗಿರೋದು 6.3 ವೋಲ್ಟ್, 10 ಪರ್ಸೆಂಟ್ ಆಚೆ ಈಚೆ ಆದ್ರೆ ತಡ್ಕೊಳ್ಳುತ್ತೆ, ಅಂದ್ರೆ ಮೇಲಕ್ಕೆ 6.9. 220ರ ಟ್ರಾನ್ಸ್‌ಫಾರ್ಮರ್‌ಗೆ 245 ಕೊಟ್ರೆ ಹೀಟರ್‌ಗೆ 7 ವೋಲ್ಟ್ ಹೋಗುತ್ತೆ! ಜೊತೆಗೆ ಪ್ಲೇಟ್ (ವಾಲ್ವಿನ ಹೈ ವೋಲ್ಟೇಜ್ ತುದಿ) ವೋಲ್ಟೇಜೂ ಅದೇ ಲೆಕ್ಕದಲ್ಲಿ ಏರುತ್ತೆ, ವಾಲ್ವ್ ಬೇಗ ಸಾಯುತ್ತೆ, ಜನ ವಾಲ್ವ್ ಕಂಪನೀನ ಬೈಕೊಳ್ತಾರೆ. ಅದಕ್ಕೇ 240 ಟ್ಯಾಪ್ (ಟ್ರಾನ್ಸ್‌ಫಾರ್ಮರಲ್ಲಿ 240 ವೋಲ್ಟಿಗೆ ಅಂತ ಇರೋ ತುದಿ) ಇಲ್ಲದ ಆಂಪನ್ನ ನಾನು ನೋಡೋಕೂ ಹೋಗ್ಲಿಲ್ಲ.

ಬೆಂಗಳೂರಲ್ಲಿ ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಇಎಲ್34 ಆಂಪ್ ಇದೆ ಅಂತ ಗೊತ್ತಾಯ್ತು, 240 ಟ್ಯಾಪ್ ಇತ್ತು. ಸ್ಪೀಕರ್‌ಗಳನ್ನ ಕಾರಲ್ಲಿ ಹಾಕ್ಕೊಂಡೇ ಹೋದೆ, ಅವರ ಸ್ಪೀಕರಲ್ಲಿ ಕೇಳಿ ತೀರ್ಮಾನ ಮಾಡೋದ್ರಲ್ಲಿ ಅರ್ಥ ಇಲ್ಲ. ಮೊದಲು ಆಂಪ್ ಆಫ್ ಇದ್ದಾಗ್ಲೇ ಕೆಪಾಸಿಟರ್ ಡಿಸ್‌ಚಾರ್ಜ್ ಆಗಿರೋದು ನೋಡ್ಕೊಂಡು, ಎರಡೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಯ ಎರಡೂ ಅರ್ಧಗಳ ರೆಸಿಸ್ಟೆನ್ಸ್ ಅಳೆದೆ, ನಾಲ್ಕೂ ಹತ್ತಿರ ಹತ್ತಿರ ಬಂತು. ಆಮೇಲೆ ಹಾಡು ಕೇಳಿದ್ದು. ನನ್ನ ಸ್ಪೀಕರ್ 6 ಓಮ್, ಆಂಪಿನ ಸ್ಪೀಕರ್ ಕಡೆಯ 8 ಓಮ್ ಟ್ಯಾಪಲ್ಲೂ 4 ಓಮ್ ಟ್ಯಾಪಲ್ಲೂ ಕೇಳಿದೆ, 4ರಲ್ಲಿ ಬೇಸ್ ಬಿಗಿಯಾಗಿ ಬಂತು, ಅಲ್ಲೇ ಬಿಟ್ಟಿದೀನಿ. ಒಂದು ಮಾತು, ಸ್ಪೀಕರ್ ಕನೆಕ್ಟ್ ಮಾಡದೆ ವಾಲ್ವ್ ಆಂಪಿಗೆ ಸಿಗ್ನಲ್ ಕೊಡಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೋಗೋಕೆ ಅಷ್ಟು ಸಾಕು.

ಪ್ರಿಆಂಪ್ ಆರಿಸೋವಾಗ ಎಲ್ಲಾರೂ ಗೇನ್ (ಸಿಗ್ನಲನ್ನ ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನೋದು) ಜಾಸ್ತಿ ಇರೋದೇ ಒಳ್ಳೇದು ಅನ್ಕೊಳ್ತಾರೆ. ನನ್ನ ಪವರ್ ಆಂಪಿಗೆ ಫುಲ್ ಔಟ್‌ಪುಟ್‌ಗೆ 1 ವೋಲ್ಟ್ ಸಾಕು, ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪಿಗೆ ಬೇಕಾದ ಸಿಗ್ನಲ್ ಮಾಡೋ ಡಬ್ಬಿ) ಕೊಡೋದೇ 2 ವೋಲ್ಟ್. 12ಎಎಕ್ಸ್7 ಅನ್ನೋ ವಾಲ್ವ್ (ಇಸಿಸಿ83 ಅನ್ನೋದೂ ಇದನ್ನೇ), ಅದರ ಒಂದೇ ಸ್ಟೇಜಲ್ಲಿ 50-60 ಪಟ್ಟು ಗೇನ್ ಬರುತ್ತೆ, ಹಾಗಾದ್ರೆ ವಾಲ್ಯೂಮ್ ಸ್ವಲ್ಪ ಮುಟ್ಟಿದ್ರೂ ಕಿರುಚುತ್ತೆ, ಬುಸ್ ಅನ್ನೋ ಹಿಸ್ ಬೇರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದರ ಪ್ಲೇಟಿಂದ ನೇರ ಔಟ್‌ಪುಟ್ ತೆಗೆದ್ರೆ ಇಂಪೆಡೆನ್ಸ್ (ಸಿಗ್ನಲಿಗೆ ಎದುರಾಗೋ ತಡೆ) 38 ಕಿಲೋಓಮ್ ಹತ್ತಿರ ಇರುತ್ತೆ, ನಮ್ಮ ಹಾಲಲ್ಲಿ ಪ್ರಿಆಂಪಿಂದ ಪವರ್ ಆಂಪಿಗೆ 3 ಮೀಟರ್ ಕೇಬಲ್, ಅದರ ಕೆಪಾಸಿಟೆನ್ಸ್ 300 ಪೀಕೋಫ್ಯಾರಡ್ ಅಂತಿಟ್ಕೊಂಡ್ರೂ 14 ಕಿಲೋಹರ್ಟ್ಸ್‌ಗೇ 3 ಡಿಬಿ ಇಳಿದಿರುತ್ತೆ, ಮೇಲಿನ ಟ್ರೆಬಲ್ ಮಂಕಾಗುತ್ತೆ. ಹಾಗಾಗಿ ಗೇನ್ ಕಮ್ಮಿ ಇರೋ 12ಎಯು7 ವಾಲ್ವಿನ, ಫೀಡ್‌ಬ್ಯಾಕ್ ಹಾಕಿ (ಔಟ್‌ಪುಟ್ಟಿನ ಒಂದು ಪಾಲು ವಾಪಸ್ ಕೊಟ್ಟು) ಗೇನ್ 4 ಪಟ್ಟಿಗೆ ಇಳಿಸಿರೋ, ಕೊನೇಲಿ ಕ್ಯಾಥೋಡ್ ಫಾಲೋವರ್ (ಔಟ್‌ಪುಟ್ ಇಂಪೆಡೆನ್ಸ್ ಇಳಿಸೋ ಸ್ಟೇಜ್) ಇರೋ ಪ್ರಿಆಂಪ್ ತಗೊಂಡೆ. ಎಲ್‌ಪಿಗೆ ಈ 4 ಪಟ್ಟು ಬೇಕೇಬೇಕು, ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜಿನ, ಅಂದ್ರೆ ರೆಕಾರ್ಡಿನ ಮುಳ್ಳಿರೋ ಭಾಗದ, 5 ಮಿಲಿವೋಲ್ಟ್ ಅದನ್ನ ಹಿಗ್ಗಿಸೋ ಫೋನೋ ಸ್ಟೇಜಲ್ಲಿ ನೂರು ಪಟ್ಟಾದ್ರೂ ಬರೋದು ಅರ್ಧ ವೋಲ್ಟೇ. ಆ ಫೋನೋ ಸ್ಟೇಜಲ್ಲಿ ಜಾಲಹಳ್ಳಿ ಬಿಇಎಲ್ ಹಿಂದೆ ಮಾಡ್ತಿದ್ದ ಇಸಿಸಿ83 ಹಾಕಿದೀನಿ, ನನಗಂತೂ ಅದು ಬಹಳ ಹೆಮ್ಮೆ, ಹಳೇ ರೇಡಿಯೋ ರಿಪೇರಿಯವರ ಹತ್ರ ಇನ್ನೂ ಅಲ್ಲಲ್ಲಿ ಸಿಗುತ್ತೆ, ಕಂಡ್ರೆ ಬಿಡ್ಬೇಡಿ.

ಮನೆಗೆ ತಂದ್ಮೇಲೆ ಸರ್ವೋ ಸ್ಟೆಬಿಲೈಸರ್ ಹಾಕಿ 235ಕ್ಕೆ ನಿಲ್ಲಿಸಿದೆ, ಯಾಕಂದ್ರೆ 240 ಟ್ಯಾಪಲ್ಲಿ ಸಂಜೆಯ 205 ಬಂದ್ರೆ ಹೀಟರ್ 5.4ಕ್ಕೆ ಇಳಿಯುತ್ತೆ, ಅದೂ ಒಳ್ಳೇದಲ್ಲ. ಇಎಲ್34 ಸಾಕೆಟ್ಟಿನ 2 ಮತ್ತು 7ನೇ ಪಿನ್ ಮಧ್ಯೆ ಅಳೆದ್ರೆ ಈಗ 6.2. ಹಮ್ (ಗುಂಯ್ ಅನ್ನೋ ಸದ್ದು) ಸ್ವಲ್ಪ ಇತ್ತು, ಅರ್ಥ್-ನ್ಯೂಟ್ರಲ್ ಮಧ್ಯೆ 9 ವೋಲ್ಟ್ ತೋರಿಸ್ತಿತ್ತು, ಹಿತ್ತಲಲ್ಲಿ ಅರ್ಥ್ ಗುಂಡಿ ಒಣಗೋಗಿತ್ತು, ಎಲೆಕ್ಟ್ರಿಷಿಯನ್ ಕೈಲಿ ಇದ್ದಿಲು ಉಪ್ಪು ಹೊಸದಾಗಿ ತುಂಬಿಸಿ ನೀರು ಹಾಕಿದ್ಮೇಲೆ 2ಕ್ಕಿಂತ ಕೆಳಗೆ ಬಂತು, ಹಮ್ಮೂ ಹೋಯ್ತು.

ಬಯಸ್, ಅಂದ್ರೆ ಸಿಗ್ನಲ್ ಇಲ್ಲದಾಗ ವಾಲ್ವಲ್ಲಿ ಹರಿಯೋ ಕರೆಂಟು, ನಾನೇ ಸೆಟ್ ಮಾಡ್ತೀನಿ. ಪ್ರತಿ ಇಎಲ್34 ಕ್ಯಾಥೋಡಲ್ಲಿ 10 ಓಮ್ ರೆಸಿಸ್ಟರ್ ಇದೆ, ಅದರ ಮೇಲೆ 0.4 ವೋಲ್ಟ್ ಬಂದ್ರೆ 40 ಮಿಲಿಆಂಪ್. ಪ್ಲೇಟಲ್ಲಿ 430 ವೋಲ್ಟ್, ಗುಣಿಸಿದ್ರೆ 17 ವ್ಯಾಟ್, ಈ ವಾಲ್ವಿನ ಮಿತಿ 25, ಅಂದ್ರೆ 70 ಪರ್ಸೆಂಟ್ ಒಳಗೇ ಇದೀವಿ. 430 ವೋಲ್ಟ್ ಡಿಸಿ ಪ್ರಾಣ ತೆಗೆಯುತ್ತೆ, ಅಭ್ಯಾಸ ಇಲ್ಲದೋರು ದಯವಿಟ್ಟು ಗೊತ್ತಿರೋರ ಕೈಲೇ ಮಾಡಿಸಿ. ಮಾಡೋರು ಬಿಸಿ ಆಗೋಕೆ ಅರ್ಧ ಗಂಟೆ ಬಿಟ್ಟು, ಒಂದು ಕೈ ಜೇಬಲ್ಲಿಟ್ಕೊಂಡು ಅಳೀರಿ. ಹೊಸ ವಾಲ್ವಿನ ಬಯಸ್ ಮೊದಮೊದಲು ಏರುಪೇರಾಗುತ್ತೆ, ಹಾಗಾಗಿ ಮೊದಲ ವಾರ ಆದ್ಮೇಲೆ ಇನ್ನೊಂದ್ಸಲ, ಆಮೇಲೆ ಕೆಲವು ತಿಂಗಳಿಗೊಮ್ಮೆ ನೋಡಿದ್ರೆ ಸಾಕು.